ಕಾಣಲಿಲ್ಲ

ಲಕೋಟೆ ಬಂದದ್ದು ಮಾರ್ಚಿನಲ್ಲಿ, ಆಲಿಕಲ್ಲು ಬಿದ್ದ ದಿನ.
ಒಳಗೆ ಬೆರಳುದ್ದದ ಹಸಿರು ನಳಿಕೆ, ಗೀರುಗೀರಿನ ಕಡ್ಡಿ,
ಹೇಗೆಂದು ಚಿತ್ರ ಬರೆದು ತೋರಿಸಿದ ಚೀಟಿ.
"ಅರವತ್ತೊಂದು ವರ್ಷದಲ್ಲಿ ಸರಕಾರ ಕೇಳಿದ್ದರಲ್ಲಿ
ನಗುನಗುತ್ತ ಕೊಡಬಹುದಾದ್ದು ಇದೊಂದೇ" ಅಂದ ವೀಬ್ರೆನ್.
ನಾಲ್ಕು ಕಡೆ ಚುಚ್ಚಿ, ತಾರೀಖು ಬರೆದು,
ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಟ್ಟ. ನಾನು ಬೈದೆ.
ಮರುದಿನ ಕಿತ್ತಳೆ ಬಣ್ಣದ ಅಂಚೆಡಬ್ಬಿಗೆ ಹೋಯಿತು.

ಹತ್ತು ದಿನಕ್ಕೆ ಉತ್ತರ:
ಮುಂದಿನ ಪರೀಕ್ಷೆ ಬೇಕಿಲ್ಲ, ಎರಡು ವರ್ಷಕ್ಕೆ ಮತ್ತೆ ಕರೆಯುತ್ತೇವೆ.
ಕೆಳಗೆ ಸಣ್ಣಕ್ಷರದಲ್ಲಿ ಇನ್ನೇನೋ ಇತ್ತು.
ಒಳ್ಳೆಯ ಸುದ್ದಿಯ ದಿನ ಸಣ್ಣಕ್ಷರ ಯಾರು ಓದುತ್ತಾರೆ?
ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದೆ,
ಮೀನಿನಾಕಾರದ ಅಯಸ್ಕಾಂತದ ಅಡಿ.

ನನ್ನ ಗಂಡನ ಕೆಲಸ ನಿಮಗೆ ತಿಳಿದಿರಲಿಕ್ಕಿಲ್ಲ.
ಫ್ರೀಸ್‌ಲಾಂಡಿನ ಈ ನಮ್ಮೂರು ಕಡಲಿಗಿಂತ ಒಂದಾಳು ತಗ್ಗು.
ನೀರನ್ನು ಆಚೆ ನಿಲ್ಲಿಸಿರುವುದು ಮಣ್ಣಿನ ಏರಿ,
ಏರಿಯನ್ನು ಒಳಗಿಂದ ಕೊರೆಯುವುದು ಕಸ್ತೂರಿ ಇಲಿ.
ಬಿಲದ ಬಾಯಿ ನೀರಿನ ಕೆಳಗೆ. ಮೇಲೆ ಹುಲ್ಲು ಹಸಿರೇ,
ಕುರಿಗಳು ಮೇಯುತ್ತಲೇ ಇರುತ್ತವೆ.
ಮೂವತ್ತು ವರ್ಷ ತೊಡೆಮಟ್ಟದ ಬೂಟು ತೊಟ್ಟು
ಕಾಲುವೆ ಕಾಲುವೆ ಇಳಿದು, ಪಾದದಿಂದಲೇ ತಡವಿ
ಬಿಲ ಹುಡುಕಿದವನು. ಇಷ್ಟು ದಿನಕ್ಕೊಂದು ಸುತ್ತು.
ಸುತ್ತು ಮುಗಿದರೆ ಪುಸ್ತಕದಲ್ಲಿ ಒಂದು ಪದ: ಇಲ್ಲ.

ನವೆಂಬರಿನಲ್ಲಿ ಬೆಲ್ಟಿಗೆ ಹೊಸ ತೂತು ಬೇಕಾಯಿತು.
ಮೊಳೆ, ಸುತ್ತಿಗೆ, ಎರಡೇ ಏಟು.
ತೆಳ್ಳಗಾದೆ ಅಂತ ನಾನೇ ಹೊಗಳಿದೆ.
ಜನವರಿಯಲ್ಲಿ ಏಣಿ ಹತ್ತುತ್ತಿದ್ದವನು ಅರ್ಧಕ್ಕೇ ನಿಂತ.
ಡಾಕ್ಟರ ಹತ್ತಿರ ಹೋಗೋಣವೆಂದರೆ
ಫ್ರಿಜ್ಜಿನ ಬಾಗಿಲು ತೋರಿಸಿದ.
ನಾನೂ ನೋಡಿದೆ. ನಾನೂ ನಂಬಿದೆ.
ಎಷ್ಟು ಗಟ್ಟಿಯಾಗಿ ಹಿಡಿದಿತ್ತು ಆ ಮೀನು.

ದೊಡ್ಡ ಕರುಳಿನ ಬಲಗಡೆ, ಮೇಲೆ, ತಿರುವಿನ ಹತ್ತಿರ
ಚಪ್ಪಟೆಯಾಗಿ ಗೋಡೆಗಂಟಿ ಕೂತಿತ್ತಂತೆ.
ನಳಿಕೆಯಲ್ಲಿ ಸಿಕ್ಕ ರಕ್ತದ ಅಂಕಿ ಕೇಳಿದೆ.
ಕೊಡಲಿಕ್ಕೆ ಮೂರು ವಾರ.
ನಲವತ್ತೊಂದು. ಗೆರೆ ಇರುವುದು ನಲವತ್ತೇಳಕ್ಕೆ.
ಆರು.
ಅಡುಗೆಮನೆಯಲ್ಲಿ ಆರು ಮೊಟ್ಟೆ ಸಾಲಾಗಿಟ್ಟು
ಹುಚ್ಚಿಯ ಹಾಗೆ ನೋಡುತ್ತ ಕೂತೆ. ಸಿಟ್ಟು ಆರಲಿಲ್ಲ.

"ಗೆರೆ ಕೆಳಗೆ ಎಳೆಯಬಾರದಿತ್ತೇ?"
ಡಾಕ್ಟರ್ ಹಾರ್ಸ್ಮಾ, ನಮ್ಮ ಮಗಳ ವಯಸ್ಸು,
"ಎಲ್ಲಿ ಎಳೆದರೂ ಅದರ ಕೆಳಗೆ ಯಾರೋ ಒಬ್ಬರು ಉಳಿಯುತ್ತಾರೆ" ಅಂದಳು.
"ಆ ಒಬ್ಬರಿಗೆ ಒಬ್ಬಳು ಹೆಂಡತಿ ಇರುತ್ತಾಳೆ" ಅಂದೆ.
ಅವಳು ಕಣ್ಣು ತಪ್ಪಿಸಲಿಲ್ಲ.
ಎರಡು ಸುತ್ತುಗಳ ನಡುವೆ ತಲೆಯೆತ್ತಿದ್ದಕ್ಕೆ
ಬೇರೆಯೇ ಪಟ್ಟಿ ಇದೆಯಂತೆ. ಅದರಲ್ಲೀಗ ನಮ್ಮದೂ ಒಂದು.

ಆ ರಾತ್ರಿ ವೀಬ್ರೆನ್ ಹೇಳಿದ, ಮದುವೆಗೂ ಮುಂಚಿನದು:
ಅವನು ನಡೆದು 'ಇಲ್ಲ' ಬರೆದ ಹತ್ತೊಂಬತ್ತನೇ ದಿನ
ಏರಿ ಕುಸಿದು, ಟ್ರ್ಯಾಕ್ಟರ್ ಸಮೇತ ಒಬ್ಬ ಹುಡುಗ ನೀರಿಗೆ.
ಹುಡುಗ ಬದುಕಿದ. ಎಡಗಾಲು ಉಳಿಯಲಿಲ್ಲ.
"ಬಿಲ ನನ್ನ ಕಾಲಡಿಯಲ್ಲೇ ಇತ್ತೋ,
ನಾನು ದಾಟಿದ ಮೇಲೆ ತೋಡಿತೋ, ಇವತ್ತಿಗೂ ಗೊತ್ತಿಲ್ಲ.
'ಕಾಣಲಿಲ್ಲ' ಅಂತ ಬರೆಯಬೇಕಿತ್ತು.
ಖಾನೆ ಚಿಕ್ಕದಿತ್ತು, ಟಿಯಾಲ್ಡಾ."

ಈ ಮೇ ತಿಂಗಳು ನನ್ನ ಹೆಸರಿಗೆ ಲಕೋಟೆ.
ಚುಚ್ಚಿದೆ, ಕಳಿಸಿದೆ. ಅದೇ ಉತ್ತರ, ಅದೇ ಅಕ್ಷರ.
ಔಷಧಿಯಿಂದ ಅವನಿಗೆ ತಣ್ಣನೆಯದು ಮುಟ್ಟಿದರೆ
ಬೆರಳಿಗೆಲ್ಲ ಸೂಜಿ. ಫ್ರಿಜ್ಜಿನ ಬಾಗಿಲು ಈಗ ನಾನೇ ತೆಗೆಯುವುದು.
ಪತ್ರ ಅಲ್ಲಿ ಅಂಟಿಸಲಿಲ್ಲ.
ಸಣ್ಣಕ್ಷರಗಳನ್ನು ಎರಡೆರಡು ಸಲ ಓದಿಸಿದ:
ತೊಂದರೆ ಕಂಡರೆ ಮುಂದಿನ ಸುತ್ತಿಗೆ ಕಾಯಬೇಡಿ.
ಅವನ ಕಚ್ಚಿದ ಪೆನ್ಸಿಲಿನಿಂದ ಅಂಚಿನಲ್ಲಿ ಬರೆದೆ: ಕಾಣಲಿಲ್ಲ.

ಹೊರಗೆ, ಅವನ ಜಾಗಕ್ಕೆ ಬಂದ ಹುಡುಗಿ ನಿಂಕೆ
ಸೊಂಟದ ತನಕ ನೀರಲ್ಲಿ, ಏರಿಯ ಬುಡ ತಡವುತ್ತ
ನಮ್ಮ ಮನೆಯ ಮುಂದಿನ ತಿರುವು ದಾಟಿದಳು.
ವೀಬ್ರೆನ್ ಮರದ ಸೌಟಿನಿಂದ ಕಿಟಕಿ ಬಡಿದ.
ಅವಳು ತಿರುಗಿದಳು.
ಹಿಂದೆ, ಎಂದು ಸೌಟು ತೋರಿಸಿದ. ಅಲ್ಲಿ. ಇನ್ನೊಮ್ಮೆ.